ಎಳೆಯರಿಗೆ ಹರಿದಾಸಗಾನ: ಗೋಷ್ಠಿಯ ಮಾರ್ಗ

ಪುಷ್ಯ ಬಹುಳ ಅಮಾವಾಸ್ಯೆಯು ಸಮೀಪಿಸುತ್ತಿದೆ. ಕ್ರಿ. ಶ. ೧೫೬೪ರಲ್ಲಿ ಶ್ರೀ ಪುರಂದರದಾಸರು ಹರಿಪುರವನ್ನು ಸೇರಿದ ಈ ಪುಣ್ಯತಿಥಿಯಂದು ಬೆಳಗಿನ ನಗರಸಂಕೀರ್ತನೆ, ಮಧ್ಯಾಹ್ನದ ತೀರ್ಥಪ್ರಸಾದ, ಸಂಜೆಯ ಉಪನ್ಯಾಸ ಮತ್ತು ಕಛೇರಿ ಎಂಬ ಕ್ರಮವು ನಮ್ಮ ದೇವಾಲಯಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ವಿದ್ವಾಂಸರು ವೇದಿಕೆಯ ಮೇಲೆ ಕುಳಿತು ದಾಸರ ಪದಗಳನ್ನು ರಾಗವಿಸ್ತಾರಸಹಿತವಾಗಿ ಹಾಡುತ್ತಾರೆ; ಬಲ್ಲವರು ತಲೆದೂಗುತ್ತಾರೆ. ಇದೆಲ್ಲವೂ ಸರಿಯೇ. ಆದರೆ ಆ ಹೊತ್ತಿನಲ್ಲಿ ನಾಲ್ಕರಿಂದ ಒಂಬತ್ತು ವರ್ಷದೊಳಗಿನ ಮಕ್ಕಳು ಎಲ್ಲಿರುತ್ತಾರೆಂಬುದನ್ನು ವಾಚಕರು ಒಮ್ಮೆ ಗಮನಿಸಬೇಕು. ಮೊದಲ ಪದ ಮುಗಿಯುವವರೆಗೆ ತಾಯಿಯ ಮಡಿಲಲ್ಲಿ. ಎರಡನೆಯದಕ್ಕೆ ಕಂಬದ ಹಿಂದೆ. ತನಿ ಆವರ್ತನ ಬರುವ ವೇಳೆಗೆ ಪ್ರಾಕಾರದಲ್ಲಿ ಓಟ. ಅಷ್ಟರಲ್ಲಿ ಹಿರಿಯರೊಬ್ಬರು ಎದ್ದು ಬಂದು ಗದರುತ್ತಾರೆ. ವರ್ಷಕ್ಕೊಮ್ಮೆ ಬರುವ ದಾಸರ ದಿನದಂದು ಆ ಮಗುವಿಗೆ ದೊರೆತುದು ಆ ಗದರಿಕೆ ಮಾತ್ರ.

ಕುಳಿತು ಕೇಳುವುದೆಂಬುದು ದೊಡ್ಡವರ ವಿದ್ಯೆ. ಅದು ವಯಸ್ಸಿನೊಡನೆ ಬರತಕ್ಕದ್ದು. ಅದಕ್ಕಿಂತ ಮುಖ್ಯವಾಗಿ, ದಾಸರ ಪದಗಳ ರಚನೆಯನ್ನೇ ನೋಡಿದರೆ ಅವು ಮೌನವಾಗಿ ಕುಳಿತ ಸಭೆಗಾಗಿ ಹುಟ್ಟಿದವೆಂದು ತೋರುವುದಿಲ್ಲ. ಪ್ರತಿಯೊಂದು ನುಡಿಯ ಕೊನೆಯಲ್ಲಿಯೂ ಪಲ್ಲವಿಯು ಏಕೆ ಮರಳಿ ಬರುತ್ತದೆ? ನುಡಿಯನ್ನು ಬಲ್ಲವನೊಬ್ಬನು ಹೇಳಲಿ, ಪಲ್ಲವಿಯನ್ನು ಸುತ್ತ ನೆರೆದವರೆಲ್ಲರೂ ಎತ್ತಿಕೊಳ್ಳಲಿ ಎಂಬುದಕ್ಕಾಗಿ. ಕಾಲಲ್ಲಿ ಗೆಜ್ಜೆ, ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಚಿಟಿಕೆ ಹಿಡಿದು ಬೀದಿಯಲ್ಲಿ ನಡೆದವರ ಗಾನವಿದು. ಹಿಂದೆ ಬರುವವರು ಒಂದೇ ಸಲ ಕೇಳಿ ಹಿಡಿದುಕೊಳ್ಳುವಷ್ಟು ಪಲ್ಲವಿಯು ಸುಲಭವಾಗಿಲ್ಲದಿದ್ದರೆ ಮೆರವಣಿಗೆ ಮುಂದೆ ಸಾಗುವುದೆಂತು! ಇಂದಿನ ಕಛೇರಿಯಲ್ಲಿ ಅದೇ ಪಲ್ಲವಿಯು ಸಂಗತಿಗಳಿಗೂ ನೆರವಲಿಗೂ ಎಡೆಯಾಗಿ, ಸಭಿಕರ ಪಾಲು ವಿದ್ವಾಂಸರ ಪಾಲಾಗಿದೆ. ಇದು ದೂರಲ್ಲ, ನಡೆದ ಸಂಗತಿ.

ಶ್ರೀ ವಾದಿರಾಜರ ‘ಲಕ್ಷ್ಮೀಶೋಭಾನೆ’ಯನ್ನು ತೆಗೆದುಕೊಳ್ಳೋಣ. ನೂರಕ್ಕೂ ಮಿಕ್ಕ ನುಡಿಗಳುಳ್ಳ ಈ ದೀರ್ಘಕೃತಿಯನ್ನು ಮದುವೆಯ ಮನೆಗಳಲ್ಲಿ ಮುತ್ತೈದೆಯರು ಇಂದಿಗೂ ಹಾಡುತ್ತಾರೆ. ನುಡಿಯು ಬಾಯಿಪಾಠವಿದ್ದವರು ಇಬ್ಬರೋ ಮೂವರೋ. ಆದರೆ ‘ಶೋಭಾನೆ’ ಎಂಬ ಸೊಲ್ಲು ಬಂದೊಡನೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದವರೂ ಕೂಡಿಕೊಳ್ಳುತ್ತಾರೆ. ಆ ಮನೆಯಲ್ಲಿ ಆಡುತ್ತಿರುವ ಮೂರು ವರ್ಷದ ಮಗುವು ಮೊದಲು ಕಲಿಯುವುದೂ ಆ ಒಂದು ಸೊಲ್ಲನ್ನೇ. ಹೀಗೆ ಒಂದು ಮಾತಿನಿಂದ ಮಗುವನ್ನು ಹಾಡಿನೊಳಕ್ಕೆ ಕರೆದುಕೊಳ್ಳುವ ಉಪಾಯವನ್ನು ಯತಿವರ್ಯರು ಕೃತಿಯಲ್ಲಿಯೇ ಇಟ್ಟಿದ್ದಾರೆ. ಮುಳಬಾಗಿಲಿನ ಶ್ರೀಪಾದರಾಜರು ಪೂಜಾಕಾಲದಲ್ಲಿ ಕನ್ನಡ ಪದಗಳನ್ನು ಹಾಡಿಸುವ ಪದ್ಧತಿಯನ್ನು ತಂದರೆಂಬುದು ನಮ್ಮಲ್ಲಿ ನಡೆದುಬಂದ ಮಾತು. ಅವರ ಶಿಷ್ಯರಾದ ಶ್ರೀ ವ್ಯಾಸರಾಜರು, ವ್ಯಾಸರಾಜರ ಶಿಷ್ಯರಾದ ಪುರಂದರ-ಕನಕರು, ಆ ಮೇಲೆ ೧೭-೧೮ನೆಯ ಶತಮಾನಗಳಲ್ಲಿ ವಿಜಯದಾಸ, ಗೋಪಾಲದಾಸ, ಜಗನ್ನಾಥದಾಸರು ಎಲ್ಲರೂ ಈ ಒಂದೇ ದಾರಿಯಲ್ಲಿ ನಡೆದವರು.

ಪಾಠಶಾಲೆಯ ಕ್ರಮವನ್ನು ಬಲ್ಲವರಿಗೆ ಈ ಮಾರ್ಗ ಹೊಸದೆನಿಸದು. ಗುರುವು ಒಂದು ಸಲ ಹೇಳುತ್ತಾನೆ, ಶಿಷ್ಯರು ಎರಡು ಸಲ ಹೇಳುತ್ತಾರೆ. ಇದಕ್ಕೆ ಸಂಥೆ ಎಂದು ಹೆಸರು. ಪುಸ್ತಕವು ಮುಂದಿರುವುದಿಲ್ಲ. ಗುರುವಿನ ಬಾಯಿಯೇ ಪುಸ್ತಕ. ಅರ್ಥವು ತಿಳಿಯುವ ಮೊದಲೇ ಸ್ವರ, ಮಾತ್ರೆ, ನಿಲುಗಡೆಗಳು ಕಿವಿಯಲ್ಲಿ ನೆಲೆಗೊಳ್ಳುತ್ತವೆ. ಎಂಟು ವರ್ಷದ ವಟುವಿಗೆ ವೇದವನ್ನೇ ಹೀಗೆ ಒಪ್ಪಿಸಲು ಬರುವುದಾದರೆ, ಐದು ವರ್ಷದ ಕೂಸಿಗೆ ಕನ್ನಡದ ಒಂದು ಪಲ್ಲವಿ ಬಾರದೆ? ಇಲ್ಲಿ ಉಪನಯನದ ನಿರ್ಬಂಧವಿಲ್ಲ. ಹೆಣ್ಣುಮಕ್ಕಳು ಗಂಡುಮಕ್ಕಳೆಂಬ ಭೇದವಿಲ್ಲ. ಯಾವ ಮನೆಯಿಂದ ಬಂದ ಮಗುವಾದರೂ ಕೂಡಬಹುದು. ದಾಸರು ತಿಳಿಗನ್ನಡದಲ್ಲಿ ಹಾಡಿದುದು ಇದಕ್ಕಾಗಿಯೇ.

ಇನ್ನು ಪ್ರಾಚೀನ ಗಾನವೆಂದರೆ ಯಾವುದು ಎಂಬ ಪ್ರಶ್ನೆಯನ್ನು ಇಲ್ಲಿಯೇ ಬಿಡಿಸಿಕೊಳ್ಳುವುದು ಉಚಿತ. ನಾವು ಇಂದು ದಾಸರ ಪದವೆಂದು ಹಾಡುವುದರಲ್ಲಿ ಸಾಹಿತ್ಯವು ದಾಸರದು. ಧಾಟಿಯು ಬಹುಪಾಲು ಈಚಿನವರದು. ತಾಳೆಗರಿಗಳೂ ಹಸ್ತಪ್ರತಿಗಳೂ ರಾಗತಾಳಗಳ ಹೆಸರನ್ನು ಕೊಡುತ್ತವೆ, ಸ್ವರಲಿಪಿಯನ್ನು ಕೊಡುವುದಿಲ್ಲ. ೧೯ನೆಯ ಶತಮಾನದಿಂದ ಆರಂಭವಾದ ಅಚ್ಚಿನ ಪುಸ್ತಕಗಳ ಸ್ಥಿತಿಯೂ ಇದೇ. ಶುಕ್ರವಾರದಂದು ಮನೆಮನೆಯಲ್ಲಿ ಹಾಡುವ ಲಕ್ಷ್ಮಿಯ ಪದವನ್ನು ಕೆಲವರು ಮಧ್ಯಮಾವತಿಯಲ್ಲಿಯೂ ಕೆಲವರು ಶ್ರೀರಾಗದಲ್ಲಿಯೂ ಹಾಡುತ್ತಾರೆ. ಪಂಡಿತ ಭೀಮಸೇನ ಜೋಶಿಯವರ ದಾಸವಾಣಿಯನ್ನು ಕೇಳಿದವರಿಗೆ ಉತ್ತರದ ಕಡೆಯ ಬೇರೆಯೇ ಧಾಟಿ ಕಿವಿಯಲ್ಲಿದೆ. ಯಶೋದೆಯು ಕೃಷ್ಣನನ್ನು ಆಡಿಸಿದ ಪ್ರಸಿದ್ಧ ಪದವು ಕಾಪಿರಾಗದಲ್ಲಿ ನಾಡಿನಾದ್ಯಂತ ಹರಡಿದುದು ಬಿ. ಎಸ್. ರಾಜಯ್ಯಂಗಾರ್ಯರ ಧ್ವನಿಮುದ್ರಿಕೆಯ ಮೂಲಕ. ಅದು ಸುಂದರವಾಗಿದೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಮಕ್ಕಳಿಗೆ ಅದನ್ನು ೪೦೦ ವರ್ಷಗಳ ಹಿಂದಿನ ಧಾಟಿಯೆಂದು ಹೇಳುವುದು ಸತ್ಯವಾಗದು. ಮಾತು ದಾಸರದು, ರಾಗ ನಂತರದವರದು ಎಂದು ಹೇಳಿದರೆ ಆರು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಹಾಗಾದರೆ ನಿಜವಾಗಿ ಹಳೆಯದು ಏನು ಉಳಿದಿದೆ? ಮೂರು ಕಡೆ ಉಳಿದಿದೆ ಎಂದು ನಮಗೆ ತೋರುತ್ತದೆ: ಸಂಗೀತಾಭ್ಯಾಸದ ಮೊದಲ ಪಾಠಗಳಲ್ಲಿ, ದೇವರ ಮುಂದೆ ಪಠಿಸುವ ಸ್ತೋತ್ರಗಳ ಛಂದಸ್ಸಿನಲ್ಲಿ, ಮನೆಯ ಹೆಂಗಸರ ಸಂಪ್ರದಾಯದ ಹಾಡುಗಳಲ್ಲಿ. ಈ ಮೂರೂ ಮಕ್ಕಳಿಗೆ ಅತ್ಯಂತ ಹತ್ತಿರದವಾಗಿರುವುದು ಆಶ್ಚರ್ಯಕರ.

ಮೊದಲ ಪಾಠಗಳ ವಿಚಾರ. ಕರ್ಣಾಟಕ ಸಂಗೀತದ ಸರಳೆ, ಜಂಟಿ, ದಾಟು ವರಸೆಗಳನ್ನೂ ಸುಳಾದಿ ಸಪ್ತತಾಳಗಳ ಅಲಂಕಾರಗಳನ್ನೂ ಪಿಳ್ಳಾರಿ ಗೀತೆಗಳನ್ನೂ ಹೊಂದಿಸಿಕೊಟ್ಟವರು ಪುರಂದರದಾಸರೆಂದು ಸಂಪ್ರದಾಯವು ಒಕ್ಕೊರಲಿನಿಂದ ಹೇಳುತ್ತದೆ. ಸಂಗೀತಪಿತಾಮಹರೆಂಬ ಬಿರುದು ಅವರಿಗೆ ಬಂದುದು ಇದರಿಂದ. ತ್ಯಾಗರಾಜಸ್ವಾಮಿಗಳು ತಮ್ಮ ‘ಪ್ರಹ್ಲಾದಭಕ್ತಿವಿಜಯ’ದಲ್ಲಿ ಪುರಂದರದಾಸರನ್ನು ವಂದಿಸಿದ್ದಾರೆ. ಪಾಠಕ್ಕೆಂದು ಆರಿಸಿದ ರಾಗವು ಮಾಳವಗೌಳ, ಎಂದರೆ ಇಂದಿನ ೧೫ನೆಯ ಮೇಳವಾದ ಮಾಯಾಮಾಳವಗೌಳ. ದಾಸರ ಸಮಕಾಲೀನನಾದ ರಾಮಾಮಾತ್ಯನು ವಿಜಯನಗರದಲ್ಲಿ ೧೫೫೦ರಲ್ಲಿ ರಚಿಸಿದ ‘ಸ್ವರಮೇಳಕಲಾನಿಧಿ’ಯಲ್ಲಿ ಮೊದಲ ಮೇಳವಾಗಿ ಮುಖಾರಿಯನ್ನು ಹೇಳಿದ್ದಾನೆ, ಮಾಳವಗೌಳವನ್ನು ಉತ್ತಮ ರಾಗಗಳ ಸಾಲಿನಲ್ಲಿ ಇಟ್ಟಿದ್ದಾನೆ. ಶಾಸ್ತ್ರಕಾರನು ಮುಖಾರಿಯಿಂದ ಹೊರಟರೂ ಪಾಠದ ಪರಂಪರೆಯು ಮಾಳವಗೌಳವನ್ನು ಹಿಡಿಯಿತು. ಇದಕ್ಕೆ ಕಾರಣವನ್ನು ಪುಸ್ತಕದಲ್ಲಿ ಹುಡುಕುವುದಕ್ಕಿಂತ ನೆಲದ ಮೇಲೆ ಬರೆದು ನೋಡುವುದು ಮೇಲು. ಆ ಕ್ರಮವನ್ನು ಮುಂದೆ ವಿವರಿಸುವೆವು.

ನಮ್ಮ ದೇವಾಲಯದ ಸಭಾಮಂಟಪದಲ್ಲಿ ಚಾತುರ್ಮಾಸ್ಯದ ಶನಿವಾರಗಳಂದು ಸಂಜೆಯ ಉಪನ್ಯಾಸಕ್ಕೆ ಮುನ್ನ ಒಂದು ಗಂಟೆಯ ಕಾಲ ಮಕ್ಕಳ ಗೋಷ್ಠಿಯನ್ನು ನಡೆಸುತ್ತ ಬಂದಿದ್ದೇವೆ. ಇತರ ಊರುಗಳ ಸಜ್ಜನರು ಕ್ರಮವನ್ನು ಕೇಳಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಮೊದಲು ಕುಳಿತುಕೊಳ್ಳುವ ರೀತಿ. ವೇದಿಕೆ ಇಲ್ಲ. ಹಾಡುವವರು, ಮೃದಂಗದವರು, ಮಕ್ಕಳು, ತಾಯಂದಿರು ಎಲ್ಲರೂ ಒಂದೇ ಜಮಖಾನದ ಮೇಲೆ ವೃತ್ತಾಕಾರವಾಗಿ ಕುಳಿತುಕೊಳ್ಳುತ್ತಾರೆ. ಧ್ವನಿವರ್ಧಕವನ್ನು ಬಳಸುವುದಿಲ್ಲ. ಮೃದಂಗವನ್ನು ಮಕ್ಕಳು ಮುಟ್ಟಿ ನೋಡಬಹುದು. ಎಡಭಾಗಕ್ಕೆ ರವೆಯ ಕಣಕವನ್ನು ಏಕೆ ಹಚ್ಚುತ್ತಾರೆಂದು ಮೃದಂಗದವರು ಒಮ್ಮೆ ಹಚ್ಚದೆಯೂ ಒಮ್ಮೆ ಹಚ್ಚಿಯೂ ನುಡಿಸಿ ತೋರಿಸಿದರೆ, ಅದರ ಮುಂದೆ ಯಾವ ಆಟಿಕೆಯೂ ನಿಲ್ಲದು. ತಂಬೂರಿಯ ವಿಷಯವೂ ಹಾಗೆಯೇ. ಮೊಬೈಲಿನಲ್ಲಿ ತಂಬೂರಿಯ ನಾದವು ಸುಲಭವಾಗಿ ದೊರೆಯುವುದು ನಿಜ; ಆದರೂ ಒಂದು ಮರದ ತಂಬೂರಿಯನ್ನು ತಂದಿಟ್ಟು, ಕುದುರೆಯ ಮೇಲೆ ತಂತಿಯ ಕೆಳಗೆ ಎಳೆಯುವ ಜೀವಾಳದ ನೂಲನ್ನು ಹಿಂದೆ ಮುಂದೆ ಸರಿಸಿದಾಗ ನಾದವು ಅರಳುವುದನ್ನೂ ಮುದುಡುವುದನ್ನೂ ತೋರಿಸಬೇಕೆಂದು ನಮ್ಮ ಅಭಿಪ್ರಾಯ. ಅದನ್ನು ಕಂಡ ಮಗುವು ಶ್ರುತಿ ಎಂಬ ಶಬ್ದವನ್ನು ಮರೆಯುವುದಿಲ್ಲ.

ಶ್ರುತಿಯ ಬಗ್ಗೆ ಒಂದು ಎಚ್ಚರಿಕೆ. ಎಳೆಯ ಕಂಠವು ಐದಾರು ಸ್ವರಗಳ ಹರವಿನಲ್ಲಿ ಮಾತ್ರ ಸುಖವಾಗಿ ಸಂಚರಿಸುತ್ತದೆ. ಗಂಡಸರು ತಮ್ಮ ಸ್ಥಾಯಿಯಲ್ಲಿ ಹೇಳಿಕೊಟ್ಟರೆ ಮಗು ಅದನ್ನೇ ಅನುಕರಿಸಲು ಹೋಗಿ ಗೊಣಗುತ್ತದೆ. ಪದವು ತಾರಸ್ಥಾಯಿಗೆ ಏರಿದರೆ ಕಿರುಚುತ್ತದೆ. ಆ ಮೇಲೆ ಆ ಮಗುವಿಗೆ ಸ್ವರಜ್ಞಾನವಿಲ್ಲವೆಂದು ತೀರ್ಪು ಕೊಡುತ್ತೇವೆ. ಆದುದರಿಂದ ಹೇಳಿಕೊಡುವವರು ಹೆಂಗಸರಾಗಿರುವುದು, ಇಲ್ಲವೇ ಹತ್ತು ಹನ್ನೆರಡು ವರ್ಷದ ಚುರುಕಾದ ಹುಡುಗಿಯೋ ಹುಡುಗನೋ ಆಗಿರುವುದು ಲೇಸು. ಪದವನ್ನು ಆರಿಸುವಾಗಲೂ ಪಲ್ಲವಿಯು ಈ ಹರವನ್ನು ಮೀರದಂತೆ ನೋಡಿಕೊಳ್ಳಬೇಕು. ನುಡಿಯು ಎಷ್ಟಾದರೂ ಏರಲಿ, ಅದು ದೊಡ್ಡವರ ಪಾಲು.

ಆರಂಭವನ್ನು ಹಾಡಿನಿಂದ ಮಾಡುವುದಿಲ್ಲ. ಶ್ರೀಮದಾಚಾರ್ಯರ ದ್ವಾದಶಸ್ತೋತ್ರದಿಂದ ಮಾಡುತ್ತೇವೆ. ನೈವೇದ್ಯದ ಸಮಯದಲ್ಲಿ ಗರ್ಭಗುಡಿಯ ಬಾಗಿಲು ಮುಚ್ಚಿರುವಾಗ ಹೊರಗೆ ಇದನ್ನು ಹೇಳುವುದನ್ನು ಮಕ್ಕಳು ಕೇಳಿಯೇ ಇರುತ್ತಾರೆ. ೧೩ನೆಯ ಶತಮಾನದ ಈ ಸ್ತೋತ್ರಗಳಲ್ಲಿ ಮೂರನೆಯದು ತೋಟಕವೃತ್ತದಲ್ಲಿದೆ. ಪಾದಕ್ಕೆ ಹನ್ನೆರಡು ಅಕ್ಷರ. ಎರಡು ಲಘು ಒಂದು ಗುರು, ಹೀಗೆ ನಾಲ್ಕು ಸಲ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಒಟ್ಟು ಹದಿನಾರು ಮಾತ್ರೆ. ಆದಿತಾಳದ ಎಂಟಕ್ಷರದ ಒಂದು ಆವರ್ತಕ್ಕೆ ಅಕ್ಷರಕ್ಕೆ ಎರಡು ಮಾತ್ರೆಯಂತೆ ಸರಿಯಾಗಿ ಕೂರುತ್ತದೆ. ಮಕ್ಕಳಿಗೆ ಈ ಲೆಕ್ಕವನ್ನು ಹೇಳಬೇಕಾಗಿಲ್ಲ. ಲಘು ಬಂದಾಗ ಎರಡು ಬೆರಳಿಂದ ತೊಡೆಯ ಮೇಲೆ ಮೃದುವಾಗಿ, ಗುರು ಬಂದಾಗ ಅಂಗೈಯಿಂದ ನೆಲದ ಮೇಲೆ ತಟ್ಟಿಸಿದರೆ ಸಾಕು. ಮೂರನೆಯ ವಾರಕ್ಕೆ ಸ್ತೋತ್ರವು ಬಾಯಿಗೆ ಬಂದಿರುತ್ತದೆ. ಛಂದಸ್ಸು ಕೈಗೆ ಬಂದಿರುತ್ತದೆ. ಪದವಿ ತರಗತಿಯಲ್ಲಿ ಗಣವಿಭಾಗವನ್ನು ಗೀಟು ಹಾಕಿ ಕಲಿತ ನಮ್ಮಂಥವರಿಗೆ ಇದು ಸ್ವಲ್ಪ ಅಸೂಯೆಯನ್ನು ಹುಟ್ಟಿಸುವ ಸಂಗತಿ.

ಬಳಿಕ ಸ್ವರಗಳ ರಂಗವಲ್ಲಿ. ಮಂಟಪದ ನೆಲದ ಮೇಲೆ ಹನ್ನೆರಡು ಗೇಣು ಉದ್ದದ ಒಂದು ಗೆರೆಯನ್ನು ಎಳೆದು ಗೇಣಿಗೊಂದು ಚುಕ್ಕಿಯನ್ನು ಇಡಬೇಕು. ಮೊದಲ ತುದಿಯಲ್ಲಿ ಷಡ್ಜ. ಅಲ್ಲಿಂದ ಒಂದು ಗೇಣಿಗೆ ರಿಷಭ, ಅಲ್ಲಿಂದ ಮೂರು ಗೇಣಿಗೆ ಗಾಂಧಾರ, ಮತ್ತೆ ಒಂದಕ್ಕೆ ಮಧ್ಯಮ, ಎರಡಕ್ಕೆ ಪಂಚಮ, ಒಂದಕ್ಕೆ ಧೈವತ, ಮೂರಕ್ಕೆ ನಿಷಾದ, ಒಂದಕ್ಕೆ ಮೇಲಿನ ಷಡ್ಜ. ಮಾಯಾಮಾಳವಗೌಳದ ಸ್ವರಾಂತರಗಳೇ ಇವು. ಎಂಟು ಮಕ್ಕಳನ್ನು ಎಂಟು ಸ್ಥಾನಗಳಲ್ಲಿ ನಿಲ್ಲಿಸಿದೊಡನೆ ಸ-ರಿಗಳು ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಲ್ಲುತ್ತಾರೆ. ರಿ-ಗಗಳ ನಡುವೆ ಇನ್ನಿಬ್ಬರು ನಿಲ್ಲುವಷ್ಟು ಎಡೆ. ನಡುವಿನ ಮ-ಪಗಳ ಎಡೆಯನ್ನು ಬಿಟ್ಟು ನೋಡಿದರೆ ಈಚೆಯ ನಾಲ್ವರೂ ಆಚೆಯ ನಾಲ್ವರೂ ಒಂದೇ ಅಂದದಲ್ಲಿ ನಿಂತಿರುವುದು ಎದ್ದು ಕಾಣುತ್ತದೆ. ಕೆಳಗಿನರ್ಧವನ್ನು ಕಲಿತ ಕಂಠವು ಮೇಲಿನರ್ಧವನ್ನು ಆಗಲೇ ಕಲಿತಿರುತ್ತದೆ. ಹತ್ತಿರದ ಸ್ವರಗಳೂ ದೂರದ ಸ್ವರಗಳೂ ಸ್ಪಷ್ಟವಾಗಿ ಬೇರೆಯಾಗಿ ಕೇಳುವುದರಿಂದ ಜಾರಿದರೆ ತಕ್ಷಣ ತಿಳಿಯುತ್ತದೆ. ಈ ರಾಗವನ್ನೇ ಮೊದಲ ಪಾಠಕ್ಕೆ ಏಕಿಟ್ಟರೆಂಬುದಕ್ಕೆ ಇಷ್ಟು ಸಾಕು.

ಪಿಳ್ಳಾರಿ ಗೀತೆಗಳ ಮಲಹರಿಯು ಇದೇ ಮೇಳದ ಕೂಸು. ಪಿಳ್ಳಾರಿ ಎಂದರೆ ಗಣಪತಿ. ಆರೋಹಣದಲ್ಲಿ ಗಾಂಧಾರವಿಲ್ಲ, ಅವರೋಹಣದಲ್ಲಿ ಉಂಟು. ನಿಷಾದವು ಎರಡರಲ್ಲಿಯೂ ಇಲ್ಲ. ರಂಗವಲ್ಲಿಯ ಮೇಲೆ ಏರುವಾಗ ಮಗುವು ರಿಷಭದಿಂದ ಮಧ್ಯಮಕ್ಕೆ ನಾಲ್ಕು ಗೇಣು ಹಾರಬೇಕು, ಧೈವತದಿಂದ ಮೇಲಿನ ಷಡ್ಜಕ್ಕೆ ಮತ್ತೆ ನಾಲ್ಕು ಗೇಣು. ಇಳಿಯುವಾಗ ಗಾಂಧಾರವನ್ನು ಮುಟ್ಟಿಕೊಂಡು ಇಳಿಯಬೇಕು. ಮೊದಲ ಬಾರಿ ಈ ಆಟವಾಡಿಸಿದಾಗ ನಿಷಾದದಲ್ಲಿ ನಿಂತಿದ್ದ ಹುಡುಗನು, “ಮಾಮ, ನನ್ನ ಹತ್ತಿರ ಯಾರೂ ಬರೋದೇ ಇಲ್ಲ” ಎಂದು ಅಳುಮುಖ ಮಾಡಿದನು. ಅಂದಿನಿಂದ ನಿಷಾದದಲ್ಲಿ ನಿಂತವರಿಗೆ ತಾಳವನ್ನು ಹಿಡಿಯುವ ಅಧಿಕಾರವನ್ನು ಕೊಟ್ಟಿದ್ದೇವೆ. ಈಗ ಆ ಸ್ಥಾನಕ್ಕೇ ನೂಕುನುಗ್ಗಲು. ವರ್ಜ್ಯಸ್ವರವೆಂಬ ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ಬೋಧಿಸುವ ಬಗೆ ನಮಗೆ ತಿಳಿಯದು.

ದೇವರ ಮಂಟಪದಲ್ಲಿ ಹೀಗೆ ಹಾರಾಡಿಸುವುದು ತರವೇ ಎಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಅವರ ಮಾತಿಗೆ ಬೆಲೆಯಿಲ್ಲದಿಲ್ಲ. ಗರ್ಭಗುಡಿಗೆ ಬೆನ್ನು ಮಾಡದಂತೆ ಗೆರೆಯನ್ನು ಉತ್ತರ-ದಕ್ಷಿಣವಾಗಿ ಎಳೆಯುವುದು, ಮಂಗಳಾರತಿಯ ವೇಳೆಗೆ ನೆಲವನ್ನು ಒರೆಸಿ ಎಲ್ಲರೂ ಕೈಮುಗಿದು ನಿಲ್ಲುವುದು ಎಂದು ನಿಯಮ ಮಾಡಿದ ಮೇಲೆ ಅವರೇ ಬಂದು ಮೊದಲ ಸಾಲಿನಲ್ಲಿ ಕುಳಿತುಕೊಂಡರು. ದಾಸರು ಗೆಜ್ಜೆ ಕಟ್ಟಿ ಕುಣಿದವರೆಂಬುದನ್ನು ನಾವು ಅವರಿಗೆ ನೆನಪಿಸಬೇಕಾಗಿ ಬರಲಿಲ್ಲ. ಕರಾವಳಿಯ ಕಡೆ ಕುಣಿತ ಭಜನೆಯು ಮಕ್ಕಳಲ್ಲಿ ಎಷ್ಟು ಹುರುಪಿನಿಂದ ಹಬ್ಬಿದೆಯೆಂಬುದನ್ನು ನೋಡಿದವರಿಗೆ ಹೆಜ್ಜೆಯೂ ಹಾಡೂ ಬೇರೆಬೇರೆಯೆಂದು ಅನ್ನಿಸದು.

ತಾಳದ ಪಾಠಕ್ಕೆ ಕೈಯೇ ಸಾಧನ. ಪೆಟ್ಟು, ಬೆರಳೆಣಿಕೆ, ಹುಸಿ ಎಂಬ ಮೂರನ್ನು ಕಲಿತರೆ ಏಳು ತಾಳಗಳೂ ಬಂದಂತೆ. ಚತುರಶ್ರ ಏಕತಾಳಕ್ಕೆ ನಾಲ್ಕಕ್ಷರ, ರೂಪಕಕ್ಕೆ ಎರಡೂ ನಾಲ್ಕೂ ಸೇರಿ ಆರು, ತ್ರಿಪುಟಕ್ಕೆ ಮೂರು, ಎರಡು, ಎರಡು ಸೇರಿ ಏಳು. ಇಷ್ಟು ಎಳೆಯರಿಗೆ. ಮಠ್ಯದ ಹತ್ತು, ಝಂಪೆಯ ಹತ್ತು, ಧ್ರುವ ಮತ್ತು ಅಟತಾಳಗಳ ಹದಿನಾಲ್ಕು ಎಂಟು ವರ್ಷ ಮೀರಿದವರಿಗೆ ಇರಲಿ. ಇವರಿಗೆ ವಿಜಯದಾಸರ ಒಂದು ಸುಳಾದಿಯನ್ನು ಕೇಳಿಸುವುದು ಬಹಳ ಚೆನ್ನಾಗಿ ಹಿಡಿಸುತ್ತದೆ. ಸುಳಾದಿಯಲ್ಲಿ ಖಂಡದಿಂದ ಖಂಡಕ್ಕೆ ತಾಳವು ಬದಲಾಗುತ್ತದೆ. ಕೊನೆಗೆ ಎರಡು ಸಾಲಿನ ಜತೆ. ತಾಳ ಬದಲಾದ ಕ್ಷಣವನ್ನು ಯಾರ ಕೈ ಮೊದಲು ಹಿಡಿಯುವುದೆಂದು ಮಕ್ಕಳು ಉಸಿರು ಬಿಗಿಹಿಡಿದು ಕಾಯುತ್ತಾರೆ. ಸುಳಾದಿಯ ತತ್ತ್ವಾರ್ಥವು ಅವರಿಗೆ ಆಗ ತಿಳಿಯುವುದಿಲ್ಲವೆಂಬುದು ನಿಜ. ತಾರತಮ್ಯ, ಬಿಂಬಪ್ರತಿಬಿಂಬಭಾವಗಳನ್ನು ವಿವರಿಸಲು ಮುಂದೆ ಉಪನ್ಯಾಸಕಾರರಿದ್ದಾರೆ; ಹತ್ತು ವರ್ಷಗಳ ಬಳಿಕ ಆ ಮಾತು ಕಿವಿಗೆ ಬಿದ್ದಾಗ ಪರಿಚಿತರ ಮನೆಗೆ ಹೋದಂತಾಗುತ್ತದೆ.

ಇಷ್ಟು ಗದ್ದಲದ ನಡುವೆ ಉಗಾಭೋಗಕ್ಕೆ ಐದು ನಿಮಿಷವನ್ನು ಮೀಸಲಿಡಬೇಕು. ಉಗಾಭೋಗಕ್ಕೆ ತಾಳದ ಕಟ್ಟಿಲ್ಲ, ಪಲ್ಲವಿಯಿಲ್ಲ. ಒಬ್ಬರೇ ಹಾಡಬೇಕು. ಮಕ್ಕಳ ಕೆಲಸವೆಂದರೆ ಬಾಯಿ ಮುಚ್ಚಿ ಷಡ್ಜವನ್ನು ಗುಂಯ್ಗುಡುವುದು, ಎಂದರೆ ಅವರೇ ತಂಬೂರಿಯಾಗುವುದು. ಒಂದು ಗುಂಪಿನ ಉಸಿರು ಮುಗಿಯುವ ವೇಳೆಗೆ ಇನ್ನೊಂದು ಗುಂಪು ಎತ್ತಿಕೊಳ್ಳಬೇಕು; ನಾದವು ಕಡಿಯಬಾರದು. ಸುಮ್ಮನಿರಿ ಎಂದು ಹೇಳದೆಯೇ ಇಪ್ಪತ್ತು ಮಕ್ಕಳು ಐದು ನಿಮಿಷ ಅಲುಗದೆ ಕುಳಿತುದನ್ನು ಕಂಡು ತಾಯಂದಿರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ಈ ಗೋಷ್ಠಿಯನ್ನು ನಿಲ್ಲಿಸಿ ಅದರ ಬದಲು ಮಕ್ಕಳಿಗೆ ದೇವರನಾಮದ ಸ್ಪರ್ಧೆಯನ್ನು ಇಡಬೇಕು, ಬಹುಮಾನವಿದ್ದರೆ ಹೆಚ್ಚು ಮಕ್ಕಳು ಬರುತ್ತಾರೆ ಎಂಬ ಸಲಹೆಯೂ ಬಂದಿದೆ. ಸಲಹೆಯಿತ್ತವರ ಕಳಕಳಿಯಲ್ಲಿ ನಮಗೆ ಸಂದೇಹವಿಲ್ಲ. ಆದರೂ ಇದನ್ನು ನಾವು ಒಪ್ಪುವುದಿಲ್ಲ. ಸ್ಪರ್ಧೆಯೆಂದೊಡನೆ ಮನೆಯಲ್ಲಿ ಮೂರು ವಾರ ಒಂದೇ ಪದದ ಉರುಹೊಡೆತ. ಮಗುವಿನ ಹರವನ್ನು ಮೀರಿದ, ಸಂಗತಿಗಳಿಂದ ತುಂಬಿದ ಧ್ವನಿಮುದ್ರಿಕೆಯ ಅನುಕರಣೆ. ಹಿನ್ನೆಲೆಗೆ ಸಿದ್ಧವಾದ್ಯಗಳ ಧ್ವನಿ. ಧ್ವನಿವರ್ಧಕದ ಮುಂದೆ ನಡುಕ. ಮೂವರಿಗೆ ಬಹುಮಾನ, ಇಪ್ಪತ್ತು ಮಂದಿಗೆ ತಮಗೆ ಹಾಡಲು ಬಾರದೆಂಬ ತಿಳಿವಳಿಕೆ. ಆ ಇಪ್ಪತ್ತು ಮಂದಿಯಲ್ಲಿ ಎಷ್ಟು ಜನ ಮುಂದೆ ತಮ್ಮ ಮನೆಯ ದೇವರ ಮುಂದೆ ಬಾಯಿ ತೆರೆದಾರು? ಹಾಡುವುದು ಚೆನ್ನಾಗಿ ಹಾಡುವವರ ಕೆಲಸವೆಂಬ ಭಾವನೆಯು ಒಮ್ಮೆ ಬೇರೂರಿದರೆ ಭಜನೆಯ ಪಂಕ್ತಿಯಲ್ಲಿ ಉಳಿಯುವವರು ಯಾರೂ ಇಲ್ಲ. ಕಲಿಯುವ ಹಂಬಲವುಳ್ಳ ಮಗುವನ್ನು ಒಳ್ಳೆಯ ಗುರುಗಳ ಬಳಿಗೆ ಕಳುಹಿಸಬೇಕಾದುದು ಸರಿಯೇ. ಆ ದಾರಿಯೇ ಬೇರೆ. ನಮ್ಮ ಗೋಷ್ಠಿಯಿಂದ ಹಾಗೆ ನಾಲ್ಕು ಮಕ್ಕಳು ಈಗಾಗಲೇ ಹೋಗಿದ್ದಾರೆ. ಉಳಿದವರು ಪಲ್ಲವಿಯವರಾಗಿ ಉಳಿದರೂ ಸಾಕು. ಪಲ್ಲವಿಯವರಿಲ್ಲದೆ ದಾಸರ ಪದವಿಲ್ಲವೆಂಬುದನ್ನು ಮೇಲೆ ಹೇಳಿದ್ದೇವೆ.

ಹಾರ್ಮೋನಿಯಮ್ಮಿನ ವಿಷಯದಲ್ಲಿ ನಮ್ಮಲ್ಲಿಯೇ ಭಿನ್ನಾಭಿಪ್ರಾಯವಿದೆ. ದೊಡ್ಡವರ ಭಜನೆಗೆ ಅದು ಆಸರೆ. ಎಳೆಯರ ಕಂಠವನ್ನು ಅದು ಮುಚ್ಚಿಬಿಡುತ್ತದೆಂದು ನಮ್ಮ ಅನುಭವ. ತಂಬೂರಿ, ಒಂದು ಜೊತೆ ತಾಳ, ಸಾಧ್ಯವಾದರೆ ಮೃದಂಗ. ಇದಕ್ಕಿಂತ ಹೆಚ್ಚಿನದು ಬೇಡ. ಚಿಟಿಕೆಗಳನ್ನು ಮಕ್ಕಳ ಕೈಗೆ ಕೊಡುವಾಗ ಎರಡೇ ಇರಲಿ, ಸರದಿಯಲ್ಲಿ ತಿರುಗಲಿ. ಇಪ್ಪತ್ತು ಚಿಟಿಕೆಗಳನ್ನು ಒಮ್ಮೆಗೇ ಕೊಟ್ಟರೆ ಏನಾಗುವುದೆಂದು ಹೇಳಬೇಕಾಗಿಲ್ಲ.

ಇನ್ನು ಮೂರನೆಯದು, ಎಂದರೆ ಮನೆಯ ಹೆಂಗಸರ ಹಾಡು. ಈ ಲೇಖನವನ್ನು ಬರೆಯಲು ಮುಖ್ಯ ಪ್ರೇರಣೆ ಇದೇ. ಹಸೆ, ಆರತಿ, ಉರುಟಣೆ, ತೊಟ್ಟಿಲ ಹಾಡುಗಳನ್ನು ನಮ್ಮ ಅಜ್ಜಿಯರು ಯಾವ ಧಾಟಿಯಲ್ಲಿ ಹಾಡುತ್ತಿದ್ದರೋ ಅದು ಯಾವ ಸ್ವರಲಿಪಿಯಲ್ಲಿಯೂ ಇಲ್ಲ. ಸೊಸೆಯಂದಿರು ಪಟ್ಟಣ ಸೇರಿದರು, ಮದುವೆಗಳು ಛತ್ರಗಳಿಗೆ ಹೋದವು, ಅಲ್ಲಿ ವಾದ್ಯದ ಸದ್ದಿನಲ್ಲಿ ಹಾಡಿಗೆ ಎಡೆಯಿಲ್ಲ. ಈಗ ಆ ಧಾಟಿಗಳು ಎಪ್ಪತ್ತು, ಎಂಬತ್ತು ದಾಟಿದವರ ಕಂಠದಲ್ಲಿ ಮಾತ್ರ ಇವೆ.

ಹಿಂದಿನ ವರ್ಷ ಗೋಕುಲಾಷ್ಟಮಿಗೆ ಮುನ್ನ ಒಬ್ಬ ವೃದ್ಧೆಯನ್ನು ಗೋಷ್ಠಿಗೆ ಕರೆತಂದೆವು. “ನನಗೇನು ಸಂಗೀತ ಬರುತ್ತಪ್ಪಾ, ತೊಟ್ಟಿಲು ತೂಗೋ ಹಾಡು ಎರಡು ಬರುತ್ತೆ ಅಷ್ಟೆ” ಎಂದು ಆಕೆ ಸಂ‌ಕೋಚಪಟ್ಟರು. ಮಕ್ಕಳು ಸುತ್ತುವರಿದ ಮೇಲೆ ಸಂಕೋಚ ಹೋಯಿತು. ಅವರು ಹಾಡಿದ ಕೃಷ್ಣನ ಜೋಗುಳದ ಧಾಟಿಯು ನಾಲ್ಕೇ ಸ್ವರಗಳಲ್ಲಿ ನಡೆಯುತ್ತಿತ್ತು. ಪಕ್ಕದಲ್ಲಿದ್ದ ತರುಣ ವಿದ್ವಾಂಸರು ಅದನ್ನು ಆದಿತಾಳಕ್ಕೆ ಕೂರಿಸಲು ಪ್ರಯತ್ನಿಸಿದರು, ಕೂರಲಿಲ್ಲ. ಮಕ್ಕಳಲ್ಲಿ ಒಬ್ಬಳು ಬೆರಳೆಣಿಸಿಕೊಂಡು, “ಅಜ್ಜಿಯದು ಏಳು” ಎಂದಳು. ತ್ರಿಪುಟವೇ ಅದು. ತೊಟ್ಟಿಲು ಅತ್ತ ಹೋಗಲು ಮೂರು, ಇತ್ತ ಬರಲು ನಾಲ್ಕು. ವಿದ್ವಾಂಸರು ನಕ್ಕು ಒಪ್ಪಿಕೊಂಡರು. ಆಕೆ ನಾಲ್ಕು ಶನಿವಾರ ಬಂದರು. ಹನ್ನೊಂದು ಮಕ್ಕಳು ಆ ಹಾಡನ್ನು ಪೂರ್ತಿಯಾಗಿ ಕಲಿತರು.

ಮಾಘಮಾಸದಲ್ಲಿ ಆಕೆ ತೀರಿಕೊಂಡರು. ಈ ವರ್ಷ ಅಷ್ಟಮಿಗೆ ಮಕ್ಕಳು ಹಾಡನ್ನು ಎತ್ತಿಕೊಂಡಾಗ ಎರಡನೆಯ ಸಾಲಿನ ಕೊನೆಯಲ್ಲಿ ಎರಡು ಪಕ್ಷಗಳಾದವು. ಅಲ್ಲಿ ಧಾಟಿಯು ಮೇಲಕ್ಕೆ ಹೋಗುತ್ತದೆಂದು ಕೆಲವರು, ಕೆಳಕ್ಕೆ ಬರುತ್ತದೆಂದು ಕೆಲವರು. “ಅಜ್ಜಿ ಹೀಗೇ ಹೇಳಿಕೊಟ್ಟಿದ್ದು” ಎಂದು ಎರಡು ಕಡೆಯವರೂ ಆಣೆಯಿಡಲು ಸಿದ್ಧರು. ಅದೃಷ್ಟವಶಾತ್ ಒಬ್ಬ ತಾಯಿಯ ಮೊಬೈಲಿನಲ್ಲಿ ಆಕೆಯ ಹಾಡಿನ ಮುದ್ರಣವಿತ್ತು. ಎಲ್ಲರೂ ತಲೆಗೆ ತಲೆ ತಾಗಿಸಿ ಕೇಳಿದೆವು. ಮೊದಲ ನುಡಿಯಲ್ಲಿ ಆಕೆ ಮೇಲಕ್ಕೆ ಹೋಗಿದ್ದರು, ಎರಡನೆಯದರಲ್ಲಿ ಕೆಳಕ್ಕೆ ಬಂದಿದ್ದರು. ಮಕ್ಕಳು ಈಗ ಹಾಗೆಯೇ ಒಂದು ನುಡಿಗೆ ಒಂದರಂತೆ ಹಾಡುತ್ತಾರೆ.

ಆ ಹಾಡನ್ನು ಇಂದು ಬಲ್ಲವರು ನಮ್ಮ ಊರಿನಲ್ಲಿ ಆ ಹನ್ನೊಂದು ಮಂದಿ ಮಾತ್ರ. ಅವರಲ್ಲಿ ಹಿರಿಯಳಿಗೆ ಒಂಬತ್ತು ವರ್ಷ. ಇಂತಹ ಎಷ್ಟು ಧಾಟಿಗಳು ವಾಚಕರ ಮನೆಗಳ ನಡುಕೋಣೆಯಲ್ಲಿ ಯಾರ ಗಮನಕ್ಕೂ ಬಾರದೆ ಉಳಿದಿವೆಯೋ ತಿಳಿಯದು. ನಿಮ್ಮ ಮನೆಯ ಹಿರಿಯಾಕೆ ತಮಗೆ ಸಂಗೀತ ಬಾರದೆಂದು ಹೇಳಿದರೆ ದಯವಿಟ್ಟು ನಂಬಬೇಡಿ.

ಬರುವ ಆರಾಧನೆಯಂದು ಸಂಜೆಯ ಕಛೇರಿಯು ಎಂದಿನಂತೆ ನಡೆಯುವುದು. ಅದಕ್ಕೆ ಮುನ್ನ ಐದರಿಂದ ಆರು ಗಂಟೆಯವರೆಗೆ ಮಕ್ಕಳ ಗೋಷ್ಠಿ. ಕ್ರಮ ಹೀಗಿದೆ: ದ್ವಾದಶಸ್ತೋತ್ರದ ಮೂರನೆಯ ಅಧ್ಯಾಯ, ರಂಗವಲ್ಲಿಯ ಮೇಲೆ ಮಲಹರಿಯ ಗೀತೆ, ಒಂದು ಉಗಾಭೋಗ, ಮೂರು ದೇವರನಾಮಗಳು, ತೊಟ್ಟಿಲ ಹಾಡು, ಮಂಗಳ. ದೊಡ್ಡವರಿಗೆ ಪ್ರತ್ಯೇಕ ಆಸನವಿಲ್ಲ. ಬಂದವರೆಲ್ಲರೂ ಜಮಖಾನದ ಮೇಲೆ ಕುಳಿತು ಪಲ್ಲವಿಯನ್ನು ಹೇಳಬೇಕಾಗುವುದು. ವಿದ್ವಾಂಸರೂ ಇದಕ್ಕೆ ಒಪ್ಪಿ, ಕಛೇರಿಯ ಮೊದಲ ಪದದ ಪಲ್ಲವಿಯನ್ನು ಮಕ್ಕಳಿಗೆ ಮುಂಚಿತವಾಗಿಯೇ ಹೇಳಿಕೊಟ್ಟಿದ್ದಾರೆ. ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಕರೆತರುವ ತಾಯಂದಿರು ಬಾಗಿಲ ಬಳಿಯ ಜಗಲಿಯಲ್ಲಿ ಕುಳಿತರೆ ಹೊರಗೆ ಹೋಗಿಬರಲು ಅನುಕೂಲ. ವೃದ್ಧರಿಗೆ ಒರಗಿಕೊಳ್ಳಲು ಕಂಬಗಳ ಬಳಿ ಮಣೆಗಳನ್ನು ಹಾಕಿಸಿದ್ದೇವೆ. ಹಳೆಯ ಹಾಡುಗಳನ್ನು ಬಲ್ಲವರು ಮುಂಚಿತವಾಗಿ ಹೆಸರು ಕೊಡಬೇಕಾಗಿಲ್ಲ. ಬಂದು ಮಕ್ಕಳ ನಡುವೆ ಕುಳಿತುಕೊಂಡರೆ ಸಾಕು.

॥ ಶ್ರೀಕೃಷ್ಣಾರ್ಪಣಮಸ್ತು ॥